ಕಾರಿಗೆ ವಯಸ್ಸಾಯ್ತು ಅಂದವರು ಬಾನೆಟ್ ಎತ್ತಿ ನೋಡಿದ್ದಾರಾ?

2025ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಎರಡು ಸಚಿವಾಲಯಗಳು ಹಳೆ ಕಾರಿನ ಮಾಲೀಕರಿಗೆ ಎರಡು ಬೇರೆ ಬೇರೆ ಮಾತು ಹೇಳಿದವು. ಇ20, ಅಂದರೆ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಗ್ಗೆ ಭಯ ಬೇಡ ಎಂದಿತು ಪೆಟ್ರೋಲಿಯಂ ಸಚಿವಾಲಯ. ಕೆಲವು ಹಳೆ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚು ಕಡಿಮೆ, ಮಾಮೂಲಿ ಸರ್ವಿಸ್‌ನಲ್ಲೇ ಮುಗಿಯುತ್ತದೆ ಎಂಬುದು ಅದರ ಸಮಾಧಾನ. ಅದೇ ತಿಂಗಳು ರಸ್ತೆ ಸಾರಿಗೆ ಸಚಿವಾಲಯ 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು 5,000 ರೂಪಾಯಿಯಿಂದ 10,000ಕ್ಕೆ ಏರಿಸಿತು. 2022ರ ಏಪ್ರಿಲ್‌ಗೆ ಮುಂಚೆ ಈ ಶುಲ್ಕ ಬರೀ 600 ರೂಪಾಯಿ ಇತ್ತು.

ಒಬ್ಬರು ರಿಪೇರಿ ಮಾಡಿಸಿಕೊಂಡು ಓಡಿಸಿ ಅಂತಾರೆ, ಇನ್ನೊಬ್ಬರು ಮಾರಿ ಕೈತೊಳಕೊಳ್ಳಿ ಅಂತಾರೆ. ಆದರೆ ಬದಲಿಸಬೇಕಾದ ಆ ರಬ್ಬರ್ ಭಾಗ ಯಾವುದು, ಎಲ್ಲಿದೆ, ಯಾರು ಬದಲಿಸಬೇಕು ಅನ್ನೋದನ್ನ ಮಾಲೀಕನಿಗೆ ಬಿಡಿಸಿ ಹೇಳಿದವರಿಲ್ಲ.

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಸರ್ವಿಸ್ ಸೆಂಟರ್ ಉತ್ತರ ಕೊಟ್ಟೀತು. ಚಿತ್ತಾಪುರ ತಾಲೂಕಿನ ದಂಡೋತಿಯಂಥ ಊರಿನಲ್ಲಿ? ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಈ ಪಟ್ಟಿಯಲ್ಲಿ ಹಳೆ ಮಾರುತಿ 800, ಓಮ್ನಿ, ಆಲ್ಟೊ, ಇಂಡಿಕಾ ಇನ್ನೂ ಮನೆಯ ಗಾಡಿಗಳೇ. ಆಸ್ಪತ್ರೆಗೆ, ಮದುವೆಗೆ, ತೊಗರಿ ಮಾರಾಟದ ದಿನ ಮಾರುಕಟ್ಟೆಗೆ ಹೋಗೋದು ಅದರಲ್ಲೇ. ಕಂಪನಿಯ ಸರ್ವಿಸ್ ಸೆಂಟರ್ ಬೇಕಂದ್ರೆ ಬಹುತೇಕರು ಕಲಬುರಗಿಗೇ ಹೋಗಬೇಕು. ಹೋದರೂ ಇಪ್ಪತ್ತು ವರ್ಷದ ಗಾಡಿಗೆ ಅಲ್ಲಿ ಆದರ ಅಷ್ಟಕ್ಕಷ್ಟೇ.

ಹಾಗಾಗಿ ನನ್ನ ವಾದ ಇಷ್ಟು: ಹಳೆ ಕಾರನ್ನು ಅಳೆಯಬೇಕಾದ್ದು ವಯಸ್ಸಿನಿಂದಲ್ಲ, ಸ್ಥಿತಿಯಿಂದ. ಆ ಸ್ಥಿತಿಯನ್ನು ಕಾಯುವ ಜ್ಞಾನ ಮಾಲೀಕನ ಕೈಗೆ, ಊರಿನ ಮಿಸ್ತ್ರಿಯ ಕೈಗೆ ಸಿಗಬೇಕು. ಅದನ್ನು ಕೊಡದೆ ಶುಲ್ಕ ಮಾತ್ರ ಏರಿಸಿದರೆ ಅದು ದಂಡವೇ ಹೊರತು ನೀತಿ ಅಲ್ಲ.

ಇ20 ಒಳಗೆ ಏನು ಮಾಡ್ತದೆ?

ಮೊದಲು ಮೈಲೇಜ್ ಲೆಕ್ಕ. ಒಂದು ಲೀಟರ್ ಎಥೆನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಶೇ. 20 ಬೆರೆಸಿದರೆ ಒಟ್ಟು ಶಕ್ತಿ ಶೇ. 6-7ರಷ್ಟು ಇಳಿಯುತ್ತದೆ. ಎಥೆನಾಲ್ ಇಲ್ಲದ ಇಂಧನಕ್ಕೆಂದು ವಿನ್ಯಾಸಗೊಂಡ ಕಾರುಗಳಲ್ಲಿ ಮೈಲೇಜ್ ಶೇ. 6-7 ಇಳಿಯಬಹುದು ಎಂದು 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಗಾಡಿ 17ರ ಹತ್ತಿರ ಬಂದರೆ ಅದನ್ನು ಎಂಜಿನ್‌ನ ದೋಷ ಅಂತ ತಿಳಿದು ಎಂಜಿನ್ ಬಿಚ್ಚಿಸಬೇಡಿ.

ಎರಡನೆಯದು ಗಾಳಿ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್‌ಗೆ 9 ಕಿಲೋ ಸಾಕು. ಎಕ್ಸಾಸ್ಟ್‌ನಲ್ಲಿ ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿಗಳಲ್ಲಿ ಕಂಪ್ಯೂಟರ್ ಈ ವ್ಯತ್ಯಾಸ ನೋಡಿ ಇಂಧನದ ಪ್ರಮಾಣ ಸರಿಮಾಡಿಕೊಳ್ಳುತ್ತದೆ. ಹಳೆ ಕಾರ್ಬ್ಯುರೇಟರ್‌ಗೆ ಆ ಬುದ್ಧಿ ಇಲ್ಲ. ಗಾಳಿ ಹೆಚ್ಚಾಗಿ, ಇಂಧನ ಕಡಿಮೆಯಾಗಿ ಬೆಳಗ್ಗೆ ಸ್ಟಾರ್ಟ್ ತಡವಾಗಬಹುದು, ಆಕ್ಸಲರೇಟರ್ ಒತ್ತಿದಾಗ ಜಗ್ಗಬಹುದು. ಇದಕ್ಕೆ ಟ್ಯೂನಿಂಗ್ ಬೇಕು, ಹೊಸ ಎಂಜಿನ್ ಅಲ್ಲ.

ಮೂರನೆಯದೇ ರಬ್ಬರ್. ಎಥೆನಾಲ್ ಕೆಲವು ಹಳೆ ಮಾದರಿಯ ರಬ್ಬರನ್ನು ಉಬ್ಬಿಸುತ್ತದೆ, ಆಮೇಲೆ ಗಟ್ಟಿ ಮಾಡಿ ಬಿರುಕು ಬಿಡಿಸುತ್ತದೆ. ಟ್ಯಾಂಕ್‌ನಿಂದ ಎಂಜಿನ್‌ವರೆಗಿನ ಇಂಧನದ ಪೈಪು, ಇಂಜೆಕ್ಟರಿನ ಓ-ರಿಂಗು, ಕಾರ್ಬ್ಯುರೇಟರ್ ಗಾಡಿಯ ಫ್ಯುಯೆಲ್ ಪಂಪಿನ ಡಯಾಫ್ರಾಮ್, ಫ್ಲೋಟ್ ನೀಡಲ್‌ನ ರಬ್ಬರ್ ತುದಿ, ಇವೇ ಆ 'ಕೆಲವು ರಬ್ಬರ್ ಭಾಗ'. ಪೈಪು ಕೊಳ್ಳುವಾಗ ಅದರ ಮೇಲಿನ ಬರಹ ಓದಿ. 'ಎಸ್‌ಎಇ ಜೆ30 ಆರ್9' ಎಂದಿದ್ದರೆ ಅದು ಇಂಜೆಕ್ಷನ್ ಗಾಡಿಯ ಒತ್ತಡವನ್ನೂ ಎಥೆನಾಲನ್ನೂ ತಡೆಯುವ ದರ್ಜೆ. ಹೆಸರಿಲ್ಲದ ಕರಿ ಪೈಪು ಅಗ್ಗವಾಗಿ ಸಿಗುತ್ತದೆ, ನಿಜ. ಆದರೆ ಅದು ಇರುವುದು ಬಿಸಿ ಎಂಜಿನ್‌ನ ಪಕ್ಕದಲ್ಲಿ, ಒಳಗೆ ಹರಿಯುವುದು ಪೆಟ್ರೋಲ್.

ಇನ್ನೊಂದು ಮಾತು. ಎಥೆನಾಲ್ ಹಳೆ ಟ್ಯಾಂಕ್‌ನ ತಳದ ಕೊಳೆಯನ್ನು ಸಡಿಲಿಸಿ ಫಿಲ್ಟರ್‌ಗೆ ತಂದು ಕೂರಿಸುತ್ತದೆ. ಗಾಡಿ ಏರಿನಲ್ಲಿ ಸೋತರೆ ಮೊದಲು ನೋಡಬೇಕಾದ್ದು ಫ್ಯುಯೆಲ್ ಫಿಲ್ಟರ್. ಅದು ನೀರನ್ನೂ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಗಾಡಿಯನ್ನು ಅರ್ಧ ಟ್ಯಾಂಕ್‌ನಲ್ಲಿ ವಾರಗಟ್ಟಲೆ ನಿಲ್ಲಿಸಬೇಡಿ.

ಹಾಗಂತ ನಾನು ಎಥೆನಾಲ್ ವಿರೋಧಿ ಅಲ್ಲ. ಕಬ್ಬು ಬೆಳೆಗಾರನಿಗೆ ಇದರಿಂದ ಲಾಭ ಇದೆ, ಆಮದು ತೈಲದ ಹೊರೆಯೂ ತಗ್ಗುತ್ತದೆ. ನನ್ನ ತಕರಾರು ಬೇರೆ. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೆ ತಂದರು. ಇ20ಗೆ ಒಗ್ಗುವ ಹೊಸ ಕಾರು ಬರತೊಡಗಿದ್ದು 2023ರಿಂದ. ಅದಕ್ಕೆ ಮುಂಚಿನ ಗಾಡಿಯವನಿಗೆ ನಮ್ಮ ಬಂಕ್‌ಗಳಲ್ಲಿ ಇ10 ಎಂಬ ಆಯ್ಕೆ ಉಳಿದಿಲ್ಲ. ಇದರ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಈಗ ಉಳಿದದ್ದು ಗಾಡಿಯನ್ನು ಇಂಧನಕ್ಕೆ ಒಗ್ಗಿಸುವ ದಾರಿ ಮಾತ್ರ.

ಸುಣ್ಣದ ಕಲ್ಲಿನ ಸೀಮೆಯ ಕಾಯಿಲೆಗಳು

ಕಾರಿನ ಜೊತೆ ಬರುವ ಪುಸ್ತಕ ಎಲ್ಲ ಊರಿಗೂ ಒಂದೇ. ಆದರೆ ವಾಡಿ, ಮಳಖೇಡ, ಸೇಡಂನ ದೂಳು ಬೇರೆ. ಸಿಮೆಂಟ್ ಕಾರ್ಖಾನೆ, ಸುಣ್ಣದ ಕಲ್ಲಿನ ಗಣಿ, ಶಹಾಬಾದಿ ಕಲ್ಲಿನ ಕ್ವಾರಿ, ಟಿಪ್ಪರ್ ಓಡುವ ರಸ್ತೆ. ಇಲ್ಲಿ ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದಷ್ಟು ದಿನ ಬಾಳುವುದಿಲ್ಲ. ಅದನ್ನು ತೆಗೆಯುವುದು ಕಷ್ಟವೇನಲ್ಲ, ಬಹಳ ಗಾಡಿಗಳಲ್ಲಿ ಮೂರ್ನಾಲ್ಕು ಕ್ಲಿಪ್ ಬಿಚ್ಚಿದರೆ ಸಾಕು. ಕಾಗದದ ಫಿಲ್ಟರನ್ನು ಮೆಲ್ಲಗೆ ತಟ್ಟಿ ದೂಳು ಬೀಳಿಸಿ. ನೀರಲ್ಲಿ ತೊಳೆಯಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಜೋರಾಗಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಆ ತೂತಿನಿಂದ ಒಳಹೋದ ದೂಳು ಸಿಲಿಂಡರನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಬೆಳಕಿಗೆ ಹಿಡಿದು ನೋಡಿ, ಬೆಳಕು ದಾಟದಷ್ಟು ಕಟ್ಟಿದ್ದರೆ ಹೊಸದು ಹಾಕಿ.

ಎರಡನೇ ಕಾಯಿಲೆ ನೀರು. ನಮ್ಮ ಭೂಮಿಯೇ ಸುಣ್ಣದ ಕಲ್ಲು, ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ರೇಡಿಯೇಟರ್‌ಗೆ ನಲ್ಲಿ ನೀರು ಸುರಿದರೆ ಅದರ ಸಣ್ಣ ಕೊಳವೆಗಳಲ್ಲಿ ಆಗುವುದೂ ಅದೇ. ಏಪ್ರಿಲ್-ಮೇನಲ್ಲಿ 42-43 ಡಿಗ್ರಿ ಬಿಸಿಲು. ಆಗ ಗಾಡಿ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋದರೆ 'ಹಳೆ ಗಾಡಿರಿ, ಇಷ್ಟೇ' ಅಂತೀವಿ. ತಪ್ಪು ಗಾಡಿಯ ವಯಸ್ಸಿನದಲ್ಲ, ಸುರಿದ ನೀರಿನದು. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ಹಾಕಿ, ಇಲ್ಲವೇ ಬೆರೆಸಿಯೇ ಬರುವ ಕೂಲಂಟ್ ತನ್ನಿ. ಅದು ತುಕ್ಕನ್ನೂ ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ವಾಷರ್ ಹೋಗಿದ್ದರೆ ಒತ್ತಡ ನಿಲ್ಲದೆ ಕೂಲಂಟ್ ಬೇಗ ಕುದಿಯುತ್ತದೆ. ಎಂಜಿನ್ ಬಿಸಿ ಇರುವಾಗ ಮಾತ್ರ ಆ ಮುಚ್ಚಳ ಮುಟ್ಟಲೇಬೇಡಿ. ಒತ್ತಡದಲ್ಲಿರುವ ಕುದಿ ನೀರು ಮುಖಕ್ಕೇ ಹಾರುತ್ತದೆ.

ಮೂರನೆಯದು ಕಾಗಿಣಾ. ಮಳೆ ಜೋರಾದ ವರ್ಷ ದಂಡೋತಿ ಬಳಿಯ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ನಮಗೆ ಹೊಸ ಸುದ್ದಿಯಲ್ಲ. ಮುಳುಗಿದ ಸೇತುವೆ ಮೇಲೆ ಗಾಡಿ ಇಳಿಸಬೇಡಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಮುಂದೆ ನಿಂತ ಕಾರಿಗೇ ನೀರು ಹೊಕ್ಕರೆ? ಚಾವಿ ತಿರುಗಿಸಬೇಡಿ. ಗಾಳಿ, ಇಂಧನದ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ. ನೀರನ್ನು ಅದುಮಲು ಬರುವುದಿಲ್ಲ, ಬದಲಿಗೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ನೀರು ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿ ಎಂಜಿನ್ ಕೆಡಿಸಿಕೊಂಡರೆ ಸಾಮಾನ್ಯ ವಿಮೆಯಲ್ಲಿ ಪರಿಹಾರ ಸಿಗುವುದು ಕಷ್ಟ.

ಕೈ ಹಾಕುವುದು ಎಲ್ಲಿವರೆಗೆ?

ಸ್ವಂತ ರಿಪೇರಿ ಅಂದರೆ ಎಲ್ಲವನ್ನೂ ಬಿಚ್ಚುವುದಲ್ಲ. ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮಟ್ಟ ನೋಡುವುದು, ಏರ್ ಫಿಲ್ಟರ್, ವೈಪರ್, ಬಲ್ಬ್, ಫ್ಯೂಸ್, ಬ್ಯಾಟರಿ ಟರ್ಮಿನಲ್, ಸ್ಪಾರ್ಕ್ ಪ್ಲಗ್. ಇಷ್ಟು ಮನೆಯ ಕೆಲಸ. ಟೈರಿನ ವಯಸ್ಸನ್ನೂ ನೀವೇ ಓದಬಹುದು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೀರು ಚೆನ್ನಾಗಿದೆ ಅಂತ ಹತ್ತು ವರ್ಷದ ಟೈರಿನಲ್ಲಿ ಮೇ ತಿಂಗಳ ಬಿಸಿಲಿಗೆ ಕಲಬುರಗಿಗೆ ಹೊರಡಬೇಡಿ.

ಬ್ರೇಕ್ ಲೈನ್, ಸ್ಟೀರಿಂಗ್, ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್, ಗ್ಯಾಸ್ ಕಿಟ್, ಇಂಜೆಕ್ಷನ್ ಗಾಡಿಯ ಒತ್ತಡದ ಇಂಧನ ಪೈಪು, ಇವು ಕಲಿತವರ ಕೆಲಸ. ಪೈಪಿನ ಬಿರುಕು, ಜಿನುಗು, ವಾಸನೆಯನ್ನು ಗುರುತಿಸುವುದು ನಿಮ್ಮ ಕೆಲಸ, ಬದಲಿಸುವುದು ಮಿಸ್ತ್ರಿ ಕೆಲಸ. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ತೂರಬಾರದು, ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸವೇ ಬೇಡ.

ಮಾಹಿತಿ ಯಾರ ಸ್ವತ್ತು?

ಊರಿನ ಮಿಸ್ತ್ರಿಗೆ ಕೈಚಳಕ ಇದೆ, ಮಾಹಿತಿ ಇಲ್ಲ. ಇದು ಆಕಸ್ಮಿಕವಲ್ಲ. ಬಿಡಿಭಾಗ ಮತ್ತು ರಿಪೇರಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂ. ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಅದು ಕಾನೂನಿನ ಹಕ್ಕಲ್ಲ, ಕಂಪನಿ ಕೊಟ್ಟಷ್ಟು ಮಾಹಿತಿಯ ಕಿಟಕಿ.

ಹಳೆ ಗಾಡಿ ಹೊಗೆ ಉಗುಳುತ್ತದೆ, ಅಪಘಾತದಲ್ಲಿ ಹೊಸದರಷ್ಟು ಕಾಯುವುದಿಲ್ಲ ಎಂಬ ಮಾತು ಸುಳ್ಳಲ್ಲ. ಬಿಎಸ್-3 ಕಾರು ಬಿಎಸ್-6 ಆಗಲ್ಲ. ಆದರೆ ಮಾಲಿನ್ಯ ಗಾಡಿಯ ಹುಟ್ಟಿದ ದಿನಾಂಕವನ್ನಷ್ಟೇ ಅಲ್ಲ, ಅದು ಓಡುವ ದೂರವನ್ನೂ ನಿರ್ವಹಣೆಯನ್ನೂ ಅವಲಂಬಿಸಿದೆ. ವಾರಕ್ಕೊಮ್ಮೆ ಚಿತ್ತಾಪುರಕ್ಕೆ ಹೋಗಿಬರುವ ಆಲ್ಟೊ ಮತ್ತು ಮಹಾನಗರದಲ್ಲಿ ದಿನವಿಡೀ ಓಡುವ ಕಾರು ಒಂದೇ ಅಲ್ಲ. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗೆ ತಂದಿದ್ದಂಥ ನಿಷೇಧ ಇಲ್ಲಿಲ್ಲ. 15 ವರ್ಷಕ್ಕೆ ತಪಾಸಣೆಯಲ್ಲಿ ಪಾಸಾದರೆ ನೋಂದಣಿ ಐದು ವರ್ಷ ಮುಂದುವರಿಯುತ್ತದೆ. ಅಂದರೆ ಸ್ಥಿತಿ ನೋಡುವ ವ್ಯವಸ್ಥೆ ಕಾನೂನಿನಲ್ಲೇ ಇದೆ. ಪಾಸಾದ ಮೇಲೂ ಗಾಡಿಯ ಬೆಲೆಯ ದೊಡ್ಡ ಪಾಲನ್ನು ಶುಲ್ಕವೆಂದು ಕೀಳುವುದು ಯಾವ ನ್ಯಾಯ? ಕೆಎ-32 ನಂಬರಿನ ಹಳೆ ಮಾರುತಿ 800ಕ್ಕೆ 10,000 ರೂಪಾಯಿ ಸಣ್ಣ ಮೊತ್ತವಲ್ಲ. ಶುಲ್ಕಕ್ಕೆ ಹೆದರಿದವನು ನವೀಕರಣವನ್ನೇ ಬಿಡುತ್ತಾನೆ. ತಡವಾದರೆ ತಿಂಗಳಿಗೆ 500 ರೂಪಾಯಿಯಂತೆ ದಂಡ ಬೆಳೆಯುತ್ತದೆ, ಗಾಡಿ ತಪಾಸಣೆ ಇಲ್ಲದೆ, ವಿಮೆ ಇಲ್ಲದೆ ಒಳದಾರಿಯಲ್ಲಿ ಓಡುತ್ತದೆ. ಸುರಕ್ಷತೆಯ ಹೆಸರಲ್ಲಿ ತಂದ ನಿಯಮ ಅಸುರಕ್ಷಿತ ಗಾಡಿಯನ್ನೇ ಬೆಳೆಸಿದಂತಾಯ್ತು, ಅಲ್ವಾ?

ಆಗಬೇಕಾದ್ದು ದೊಡ್ಡದೇನಲ್ಲ. ಒಂದು, ಪ್ರತಿ ಹಳೆ ಮಾದರಿಗೆ ಇ20ಗಾಗಿ ಬದಲಿಸಬೇಕಾದ ಭಾಗಗಳ ಪಟ್ಟಿಯನ್ನು ಪಾರ್ಟ್ ನಂಬರ್, ಬೆಲೆ ಸಮೇತ ಕನ್ನಡದಲ್ಲೂ ಪ್ರಕಟಿಸುವಂತೆ ಸರ್ಕಾರ ಕಂಪನಿಗಳಿಗೆ ಹೇಳಬೇಕು. ಎರಡು, ಪ್ರತಿ ಬಂಕ್‌ನಲ್ಲಿ ಎಥೆನಾಲ್ ಪ್ರಮಾಣ ಎದ್ದು ಕಾಣುವಂತೆ ಕನ್ನಡದಲ್ಲಿ ಬರೆಯಬೇಕು. ಮೂರು, ತಪಾಸಣೆಯಲ್ಲಿ ಪಾಸಾದ ಗಾಡಿಗೆ ಶುಲ್ಕ ಇಳಿಸಬೇಕು. ನಾಲ್ಕು, ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ನಮ್ಮ ಭಾಗದ ಐಟಿಐಗಳಲ್ಲಿ ತಿಂಗಳಿಗೊಂದು ಶನಿವಾರ ಮಾಲೀಕರಿಗೂ ಮಿಸ್ತ್ರಿಗಳಿಗೂ ಬಾಗಿಲು ತೆರೆದು ಹಳೆ ಗಾಡಿ ತಪಾಸಣೆ ಹೇಳಿಕೊಡಬಹುದು. ಅಲ್ಲಿನ ಹುಡುಗರಿಗೂ ಅದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ಸಿಗದು.

ಅಲ್ಲಿವರೆಗೆ ಮಾಲೀಕರು ಮಾಡಬಹುದಾದ್ದು ಒಂದಿದೆ. ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ ಯಾವ ಭಾಗ ಬದಲಿಸಿದಿರಿ, ಎಷ್ಟು ಪೆಟ್ರೋಲಿಗೆ ಎಷ್ಟು ದೂರ ಓಡಿತು ಅಂತ ಬರೆಯಿರಿ, ಬಿಲ್ ಅಂಟಿಸಿ. ಗಾಡಿಯಲ್ಲಿ ಕಾಯಿಲೆ ಶುರುವಾದದ್ದು ಮೊದಲು ಗೊತ್ತಾಗುವುದು ಆ ಪುಟಗಳಲ್ಲಿ. 'ಈ ಗಾಡಿಗೆ ವಯಸ್ಸಾಯ್ತು' ಅನ್ನುವವರ ಮುಂದೆ ಇಡಲು ಸಾಕ್ಷಿಯೂ ಅದೇ.