ಹಡಗು ಹಲವು, ಬುನಾದಿ ಒಂದಿರಲಿ

ಕೆರೆಯನ್ನು ಸಮುದ್ರವೆಂದು ಕರೆಯುವುದು ಕನ್ನಡ ನಾಡಿನ ಹಳೆಯ ರೂಢಿ. ಯಾದಗಿರಿ ಸೀಮೆಯ ರಾಮಸಮುದ್ರದ ಹೆಸರಿನಲ್ಲಿ ಸಮುದ್ರವಿದೆ. ನಿಜವಾದ ಕಡಲು ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಹಾಗೆಂದು ನೌಕಾರಕ್ಷಣೆ ಕರಾವಳಿಯವರ ಚಿಂತೆ ಮಾತ್ರವೇ? ಅದರ ವೆಚ್ಚದಲ್ಲಿ ಒಳನಾಡಿನ ತೆರಿಗೆದಾರರ ಪಾಲಿದೆ. ಅದರ ಮಿದುಳಿನ ಒಂದು ಭಾಗ ರೂಪುಗೊಳ್ಳುವುದೂ ಕಡಲಿಲ್ಲದ ಬೆಂಗಳೂರಿನಲ್ಲಿ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ನೌಕಾಪಡೆಗೆ ರೇಡಾರ್, ಸೋನಾರ್ ಹಾಗೂ ಯುದ್ಧ ನಿರ್ವಹಣಾ ವ್ಯವಸ್ಥೆಗಳನ್ನು ಪೂರೈಸುತ್ತಿದೆ.

ಇಂದಿನ ಸಮರನೌಕೆಯ ಬಲ ಉಕ್ಕಿನಲ್ಲಿರುವಷ್ಟೇ ತಂತ್ರಾಂಶದಲ್ಲೂ ಇದೆ. ನಮ್ಮ ನೌಕೆಗಳೋ ಸಣ್ಣ ಸಂಖ್ಯೆಯಲ್ಲಿ ನಿರ್ಮಾಣವಾಗುವಂಥವು: ಶಿವಾಲಿಕ್ ವರ್ಗದಲ್ಲಿ 3, ಅದರ ಮುಂದುವರಿಕೆಯಾದ ನೀಲಗಿರಿ ವರ್ಗದಲ್ಲಿ 7. ಇಂಥಲ್ಲಿ ಹಳೆಯ ತಂತ್ರಾಂಶದ ಪ್ರತಿ ತೆಗೆದು ಹೊಸ ನೌಕೆಗೆ ತಕ್ಕಂತೆ ತಿದ್ದುವುದು ಮೇಲ್ನೋಟಕ್ಕೆ ಅಗ್ಗವೆನಿಸುತ್ತದೆ. ಆದರೆ ವರ್ಷಗಳು ಕಳೆದಂತೆ ಆ ಪ್ರತಿಗಳು ದಾಯಾದಿಗಳಂತೆ ದೂರವಾಗುತ್ತವೆ. ಒಂದರಲ್ಲಿ ಪತ್ತೆಯಾದ ದೋಷ ಇನ್ನೊಂದರಲ್ಲಿ ಉಳಿದುಬಿಟ್ಟರೆ ಅದಕ್ಕೆ ಬೆಲೆ ತೆರಬೇಕಾದವರು ನಾವಿಕರು.

ಮಾದರಿ ಆಧಾರಿತ ಉತ್ಪನ್ನ ಸರಣಿ ಎಂಜಿನಿಯರಿಂಗ್ ಇದಕ್ಕೊಂದು ಉತ್ತರ. ಇಲ್ಲಿ ಇಡೀ ನೌಕಾಕುಟುಂಬಕ್ಕೆ ಸೇರಿ ಒಂದೇ ಗಣಕ ಮಾದರಿ. ಎಲ್ಲಕ್ಕೂ ಸಮಾನವಾದುದು ಯಾವುದು, ನೌಕೆಯಿಂದ ನೌಕೆಗೆ ಬದಲಾಗುವುದು ಯಾವುದು ಎಂಬುದು ಅದರಲ್ಲೇ ದಾಖಲಾಗಿರುತ್ತದೆ. ಪ್ರತಿ ನೌಕೆಯ ವ್ಯವಸ್ಥೆಯನ್ನು ಆ ಬುನಾದಿಯಿಂದಲೇ ಆಯ್ದು ಜೋಡಿಸಲಾಗುತ್ತದೆ. 1980ರ ದಶಕದಲ್ಲಿ ಸ್ವೀಡನ್ ಮತ್ತು ಡೆನ್ಮಾರ್ಕ್ ನೌಕಾಪಡೆಗಳ ಬೇಡಿಕೆ ಏಕಕಾಲಕ್ಕೆ ಬಂದಾಗ, ಮುಂದೆ ಸೆಲ್ಸಿಯಸ್‌ಟೆಕ್ ಎಂದು ಹೆಸರಾದ ಸಂಸ್ಥೆ ಉತ್ಪನ್ನ ಸರಣಿಯ ಹಾದಿಯನ್ನೇ ಹಿಡಿಯಿತು. ಅಮೆರಿಕದ ಏಜಿಸ್ ವ್ಯವಸ್ಥೆಯೂ ಸಮಾನ ತಂತ್ರಾಂಶ ಭಂಡಾರವನ್ನು ಆಶ್ರಯಿಸಿದೆ.

ಬುನಾದಿಯಲ್ಲಿನ ದೋಷ ಎಲ್ಲ ನೌಕೆಗಳಿಗೂ ಹಬ್ಬಬಹುದು ಎಂಬ ಆಕ್ಷೇಪ ಸಕಾರಣವಾದುದೇ. ಆದರೆ ತಿದ್ದುಪಡಿಯೂ ಹಾಗೆಯೇ ಎಲ್ಲೆಡೆ ತಲುಪುತ್ತದೆ ಎಂಬುದನ್ನು ಮರೆಯಲಾಗದು. ಹಾಗಾಗಿ ಬೇಕಾದುದು ಬುನಾದಿಯ ಕಟ್ಟುನಿಟ್ಟಾದ ಪರೀಕ್ಷೆಯೇ ಹೊರತು ಬುನಾದಿಯನ್ನೇ ಕೈಬಿಡುವುದಲ್ಲ.

ನಿಜವಾದ ತೊಡಕಿರುವುದು ಹಣದ ಲೆಕ್ಕದಲ್ಲಿ. ಒಂದೊಂದು ನೌಕೆಯ ಗುತ್ತಿಗೆಯನ್ನೇ ನೋಡುವ ಕಣ್ಣಿಗೆ ಸಮಾನ ಬುನಾದಿ ಯಾರಿಗೂ ಸೇರದ ಖರ್ಚು. ಅದಕ್ಕೆ ಪ್ರತ್ಯೇಕ ಅನುದಾನ ಬೇಕು. ಮಾದರಿಯ ಒಡೆತನ ಗುತ್ತಿಗೆದಾರರಲ್ಲಿ ಉಳಿಯದೆ ನೌಕಾಪಡೆಯಲ್ಲಿರಬೇಕು. ಇಲ್ಲವಾದರೆ ಸ್ವಾವಲಂಬನೆ ಬರಿಯ ಘೋಷಣೆಯಾದೀತು.

ಕೆರೆ ಕಟ್ಟಿಸಿ ಅದಕ್ಕೆ ಸಮುದ್ರವೆಂದು ಹೆಸರಿಟ್ಟ ನಮ್ಮ ಹಿರಿಯರು ಒಂದೇ ಮಳೆಗಾಲವನ್ನು ನೆಚ್ಚಿ ಏರಿ ಹಾಕಿದವರಲ್ಲ. 2005ರಿಂದ ಕಾರವಾರದ ಕದಂಬ ನೆಲೆಯನ್ನು ಬೆಳೆಸುತ್ತಿರುವ ದೇಶಕ್ಕೆ ಆ ದೂರದೃಷ್ಟಿ ತಂತ್ರಾಂಶದಲ್ಲೂ ಇರಬೇಡವೇ?