ಗೆರೆಗಳಲ್ಲಿ ಅಡಗಿದ ನೆಲದ ಕತೆ

ತುಂಗಭದ್ರಾ ಅಣೆಕಟ್ಟು ಕಟ್ಟುವ ಮೊದಲು ತಯಾರಾದ ಹೊಸಪೇಟೆ ಸೀಮೆಯ ನಕ್ಷೆಯಲ್ಲಿ ಜಲಾಶಯವೇ ಇಲ್ಲ. ಇಂದು ನೀಲಿ ಬಣ್ಣ ಹರಡಿರುವಲ್ಲಿ ಅಂದು ನದಿ, ಅದರ ದಂಡೆಗೆ ಹೊಲಗಳು, ಊರುಗಳು, ಗಾಡಿದಾರಿಗಳು. 1953ರಲ್ಲಿ ನೀರು ನಿಂತಾಗ ಹಳೆಯ ನಾರಾಯಣದೇವರಕೆರೆ ಮುಳುಗಿತು. ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ಊರನ್ನು ಈಗ ಹುಡುಕಬೇಕಾದರೆ ಹಿರಿಯರ ನೆನಪನ್ನೋ ಹಳೆಯ ನಕ್ಷೆಯನ್ನೋ ಕೇಳಬೇಕು.

ಇಂಥ ನಕ್ಷೆಗೆ ಟೋಪೋಶೀಟ್ ಎನ್ನುತ್ತಾರೆ. ಹಳೆಯವುಗಳಲ್ಲಿ ನೆಲದ ಒಂದು ಮೈಲಿಗೆ ಕಾಗದದ ಮೇಲೆ ಒಂದು ಅಂಗುಲ. ಅದರಲ್ಲಿರುವ ಕಂದು ಗೆರೆಗಳೇ ಸಮೋನ್ನತಿ ರೇಖೆಗಳು. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಒಂದು ರೇಖೆ ಕೂಡಿಸುತ್ತದೆ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ವಿರಳವಾಗಿದ್ದರೆ ಬಯಲು. ಸಂಡೂರಿನ ಬೆಟ್ಟಸಾಲುಗಳಲ್ಲಿ ಅವು ಹೆಣೆದಂತೆ ಒತ್ತಾಗಿವೆ. ಕಂಪ್ಲಿಯ ಕಡೆಗೆ ಬಂದಂತೆ ದೂರ ಸರಿಯುತ್ತವೆ.

ಇನ್ನು ನೀಲಿ ಗೆರೆ. ಅದು ಹಳ್ಳವೋ ಕಾಲುವೆಯೋ ತಿಳಿಯುವುದು ಹೇಗೆ? ಹಳ್ಳವು ಸಮೋನ್ನತಿ ರೇಖೆಗಳನ್ನು ಅಡ್ಡ ದಾಟುತ್ತಾ ಕೆಳಗಿಳಿಯುತ್ತದೆ. ಕಾಲುವೆ ಹಾಗಲ್ಲ, ರೇಖೆಯ ಪಕ್ಕಪಕ್ಕದಲ್ಲೇ ಬಳಸಿಕೊಂಡು ಸಾಗುತ್ತದೆ. ಬೇಗನೆ ತಗ್ಗಿಗಿಳಿದರೆ ಮುಂದಿನ ಹೊಲಗಳಿಗೆ ನೀರು ಏರುವುದಿಲ್ಲವಲ್ಲ! ಹಂಪಿಯ ತುರ್ತು ಕಾಲುವೆ, ಹೊಸಪೇಟೆಯ ಬಸವಣ್ಣ ಕಾಲುವೆ, ರಾಯ ಕಾಲುವೆಗಳು ವಿಜಯನಗರದ ಕಾಲದವು. ಅವುಗಳ ಕೆಳಬದಿಗೆ ಗದ್ದೆ, ಬಾಳೆ, ಕಬ್ಬು. ಮೇಲ್ಬದಿಗೆ ಬಂಡೆ, ಕುರುಚಲು. ಕಾಲುವೆ ತೋಡಿದವರ ಕೈಯಲ್ಲಿ ಟೋಪೋಶೀಟ್ ಇರಲಿಲ್ಲ. ಆದರೆ ನೆಲದ ಮಟ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ವಲ್ಲಭಾಪುರದ ಹಳೆಯ ಅಣೆಕಟ್ಟು ಜಲಾಶಯದಲ್ಲಿ ಮುಳುಗಿದರೂ ಬಸವಣ್ಣ ಕಾಲುವೆ ನಿಲ್ಲಲಿಲ್ಲ, ಈಗ ಜಲಾಶಯದಿಂದಲೇ ನೀರು ಪಡೆಯುತ್ತದೆ.

ನಕ್ಷೆ ಹಳತಾಗುವುದು ನೀರಿನಿಂದ ಮಾತ್ರವಲ್ಲ. ಸಂಡೂರಿನಲ್ಲಿ ಕಬ್ಬಿಣದ ಅದಿರಿಗಾಗಿ ಬೆಟ್ಟ ಅಗೆದೆಡೆ ಸಮೋನ್ನತಿ ರೇಖೆಗಳೇ ಬದಲಾದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತು; ಬಳಿಕ ಷರತ್ತುಗಳೊಡನೆ ಅದು ಮತ್ತೆ ಆರಂಭವಾಯಿತು. ಆದರೆ ಕರಗಿದ ಬೆಟ್ಟ ಮರಳಿ ಬೆಳೆಯುವುದಿಲ್ಲ. ಜಲಾಶಯದ ತಳವೂ ಮೊದಲಿನಂತಿಲ್ಲ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಅದು, ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಇಷ್ಟು ನೀರು ಕಡಿಮೆಯಾದರೆ ಅದರ ಪೆಟ್ಟು ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಮೊದಲು ತಟ್ಟುತ್ತದೆ.

ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಮತ್ತು ಹೊಸ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಪಾಲಕರೂ ಜೊತೆಗೆ ಕೂರಲಿ. ಊರಿನ ಹೆಸರಿನಲ್ಲಿ ‘ಕೆರೆ’ ಇದ್ದು ಹೊಸ ನಕ್ಷೆಯಲ್ಲಿ ನೀಲಿ ಕಾಣದಿದ್ದರೆ, ಆ ಕೆರೆ ಏನಾಯಿತೆಂದು ಮನೆಯ ಅಜ್ಜ-ಅಜ್ಜಿಯರನ್ನು ಕೇಳಲಿ.