ಪದಬಂಧದಾಗ ನಮ್ಮ ಕೌದಿ ಯಾಕಿಲ್ಲ?

ಪದಬಂಧ ಬಿಡಸ್ಕೋತ ಕುಂತ್ರ ‘ನಿನಗೇನು ಕೆಲಸಿಲ್ಲೇನು’ ಅಂತಾರ ಮನ್ಯಾಗ. ಶಬ್ದದ ಆಟಾನೂ ಒಂದು ಕೆಲಸಾನ ಅಂತೀನಿ ನಾ.

ಅಮೆರಿಕಾದಾಗ ‘ವರ್ಡ್ ವೇಸ್’ ಅಂತ ಒಂದು ಸಣ್ಣ ತ್ರೈಮಾಸಿಕ ಇತ್ತು. 1968ರಾಗ ಶುರುವಾಗಿ 2020ರ ತನಕಾ ನಡೀತು. ಅದರಾಗ ಸುದ್ದಿ ಇಲ್ಲ, ಸಿನಿಮಾ ಇಲ್ಲ, ಬರೇ ಶಬ್ದದ ಆಟ. ರಾಸ್ ಎಕ್ಲರ್ ಅನ್ನೋರು 1970ರಿಂದ 2006ರ ತನಕಾ ಅದರ ಸಂಪಾದಕರು. ಹೆಂಡತಿ ಫೇತ್ ಅವರೂ ಕೈಗೂಡಿಸಿದ್ರು. ನ್ಯೂಜೆರ್ಸಿಯೊಳಗಿನ ತಮ್ಮ ಮನೀಯಿಂದನ ಗಂಡಾ-ಹೆಂಡ್ತಿ ಅದನ್ನ ನಡಿಸಿದ್ರು. ಓದೋರ ಬರದು ಕಳಸ್ತಿದ್ರು.

ನಮ್ಮ ಮಾತಿಗೇನು ಕಡಿಮಿ? ಗದಗ, ಕನಕ, ನವಜೀವನ ಇವನ್ನ ಯಾವ ಕಡಿಂದ ಓದಿದ್ರೂ ಒಂದ. ಪೇಪರಿನ್ಯಾಗ ಪದಬಂಧಾನೂ ಬರ್ತಾವ. ಆದ್ರ ಅದರಾಗಿಂದು ಪುಸ್ತಕದ ಕನ್ನಡ. ಕಮಲದ ಹೂವಿಗೆ ನಾಕು ಹೆಸರು ಕೇಳ್ತಾರ, ನಮ್ಮ ಕೌದಿ, ನೆಲುವು, ಹಗೇವು ಕೇಳೋರು ಅಪರೂಪ. ನೆಲುವು, ಹಗೇವು ಮನೀ ಬಿಟ್ಟು ಹೋದ್ವು, ಈಗ ಹೆಸರೂ ಹೊಂಟಾವ. ಮಕ್ಕಳನ್ನ ಕುಂಡ್ರಿಸಿ ಪಾಠ ಮಾಡಿದ್ರ ಆಕಳಿಸ್ತಾವ. ‘ಹಗ್ಗದ್ದು, ಮ್ಯಾಲೆ ತೂಗ್ತದ, ಗಡಿಗಿ ಇಡ್ತಾರ, ಮೂರಕ್ಷರ’ ಅಂತ ಕೇಳ್ರಿ, ನಾ ಮೊದಲ ನೀ ಮೊದಲ ಅಂತ ಜಗಳಾಡ್ತಾವ.

ಅದಕ್ಕ ಅಕ್ಕಗೋಳ್ರ್ಯಾ, ನಾವೂ ಒಂದು ಪತ್ರಿಕಿ ಮಾಡೂಣು. ತಿಂಗಳಿಗೆ ಒಂದ ಹಾಳಿ, ಹತ್ತು ಶಬ್ದ, ಎಲ್ಲಾ ನಮ್ಮವ್ವಂದಿರ ಬಾಯಾಗಿನವು. ಝೆರಾಕ್ಸ್ ತಗಸಿ ಓಣ್ಯಾಗ ಹಂಚೂಣು. ಚೌಕ ನಾ ಹಾಕ್ತೀನಿ. ನೀವು ಅತ್ತಿಯವರನ್ನ ಕೇಳಿ ಎರಡೆರಡು ಶಬ್ದ ಕಳಸ್ರಿ, ಅವರು ಇದ್ದಾಗನ ಕೇಳ್ರಿ.